ಬೆರ್ಚಪ್ಪನಿಗೆ ಅಪ್ಪ ಯಾರು? ಝ್ಯಾನಥರ್ ಪುಸ್ತಕದ ಪೂರ್ವಕಥೆ ಕೋಷ್ಟಕಗಳು

ಪಾತ್ರ ಕಟ್ಟಿ, ದಾಳ ಹಾಕಿ ಕಥೆಯಾಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮೇಜಿಗೆ ಬರುವ ಹೊಸ ಪಾತ್ರಗಳಲ್ಲಿ ಎರಡು ಜಾತಿ ಮಾಮೂಲಿ. ಊರು ಸುಟ್ಟು, ಹೆತ್ತವರು ಸತ್ತು, ಸೇಡಿಗೆ ಹೊರಟವನು ಒಬ್ಬ. ಅರಮನೆ ಬಿಟ್ಟು ಓಡಿಬಂದು ಗುರುತು ಮರೆಸಿಕೊಂಡವನು ಇನ್ನೊಬ್ಬ. ಇವೆರಡೂ ಸಾಕಪ್ಪಾ ಎಂದು ರಾಗಿ ಹೊಲದ ಬೆರ್ಚಪ್ಪನನ್ನೋ, ಎಪ್ಪತ್ತು ದಾಟಿದ ನೀರುಗಂಟಿ ಅಜ್ಜಿಯನ್ನೋ ಆಡಲು ಹೊರಟವರು ಮೊದಲು ಹುಡುಕುವ ಪುಸ್ತಕ 'ಝ್ಯಾನಥರ್ಸ್ ಗೈಡ್ ಟು ಎವ್ರಿಥಿಂಗ್'. ಬಂದದ್ದು 2017ರ ನವೆಂಬರಿನಲ್ಲಿ, ಪುಟ 192. ಅದರೊಳಗೆ 'ದಿಸ್ ಈಸ್ ಯುವರ್ ಲೈಫ್' ಅನ್ನುವ ಭಾಗ ಹತ್ತು ಹನ್ನೆರಡು ಪುಟ. ದಾಳ ಹಾಕಿ ಪಾತ್ರದ ಹುಟ್ಟು, ಒಡಹುಟ್ಟು, ಬಾಲ್ಯ, ಆದದ್ದು ಹೋದದ್ದು ಎಲ್ಲ ತೆಗೆಯಬಹುದಾದ ಕೋಷ್ಟಕಗಳು. ಈ ವಿಮರ್ಶೆ ಅಷ್ಟು ಪುಟಕ್ಕೆ ಮಾತ್ರ. ಸಬ್‌ಕ್ಲಾಸು (ಪಾತ್ರದ ಕಸುಬಿನ ಒಳಬಗೆ), ಮಂತ್ರಗಳ ವಿಚಾರ ಬೇರೆಯೇ.

ತೀರ್ಪು ಮೊದಲೇ: ಮನುಷ್ಯನಂಥ ಪಾತ್ರಕ್ಕೆ ಈ ಕೋಷ್ಟಕಗಳು ಚೆನ್ನಾಗಿವೆ, ವಿಚಿತ್ರ ಪಾತ್ರಕ್ಕೆ ಇನ್ನೂ ಚೆನ್ನಾಗಿವೆ. ಆದರೆ ಅದು ಬರೆದವರ ಉದ್ದೇಶದಿಂದ ಆದದ್ದಲ್ಲ. ಕೋಷ್ಟಕ ಎಲ್ಲಿ ಪಾತ್ರಕ್ಕೆ ಹೊಂದುವುದಿಲ್ಲವೋ ಅಲ್ಲೇ ಕಥೆ ಹುಟ್ಟುತ್ತದೆ. ಹೊಂದದ ಸಾಲನ್ನು ಹೊಡೆದುಹಾಕಿ ಮತ್ತೆ ದಾಳ ಹಾಕುವವರು ಒಳ್ಳೆಯ ಭಾಗವನ್ನೇ ಬಿಸಾಡುತ್ತಾರೆ.

ರಚನೆ ಸರಳ. ಮೊದಲು ಮೂಲ: ತಂದೆತಾಯಿ, ಹುಟ್ಟಿದ ಜಾಗ, ಒಡಹುಟ್ಟಿದವರು, ಸಾಕಿದವರು, ಮನೆಯ ಸ್ಥಿತಿ. ಆಮೇಲೆ ನಿರ್ಧಾರಗಳು: ಈ ಬ್ಯಾಕ್‌ಗ್ರೌಂಡ್ (ಸಾಹಸಕ್ಕೆ ಮುಂಚಿನ ಬದುಕು) ಯಾಕೆ, ಈ ಕ್ಲಾಸ್ (ಫೈಟರ್, ಡ್ರೂಯಿಡ್ ಥರದ ಸಾಹಸದ ಕಸುಬು) ಯಾಕೆ. ಕೊನೆಗೆ ಬದುಕಿನ ಘಟನೆಗಳು. ಬೇಕಾದ್ದು ಏಳು ದಾಳಗಳ ಮಾಮೂಲಿ ಸೆಟ್ ಒಂದು, ಒಂದು ಹಾಳೆ, ಮುಕ್ಕಾಲು ಗಂಟೆ. ಡಿ100 ಅಂದರೆ ಎರಡು ಹತ್ತುಮುಖದ ದಾಳ. ಒಂದರಲ್ಲಿ 00ರಿಂದ 90, ಇನ್ನೊಂದರಲ್ಲಿ 0ಯಿಂದ 9. ಎರಡರಲ್ಲೂ ಸೊನ್ನೆ ಬಿದ್ದರೆ ಅದು ನೂರು. ಹೊಸಬರು ಇಲ್ಲಿ ಎಡವುವುದು ಜಾಸ್ತಿ, ಅದೂ ಎಂಥ ಜಾಗದಲ್ಲಿ! ಬದುಕಿನ ಘಟನೆಗಳ ಕೋಷ್ಟಕದಲ್ಲಿ ಅತಿ ವಿಚಿತ್ರ ಫಲಗಳಿಗೆ ದಾರಿ ತೆರೆಯುವುದು ಆ 00 ಮಾತ್ರ. ಕೆಲವು ವಾರ ಕಪ್ಪೆಯಾಗಿ ಬಿದ್ದಿರುವುದು, ಕಲ್ಲಿನ ವಿಗ್ರಹವಾಗಿ ನಿಂತಿರುವುದು, ಇಂಥವೆಲ್ಲ ಅಲ್ಲಿವೆ.

ಈಗ ಬೆರ್ಚಪ್ಪ. ರಾಗಿ ಹುಲ್ಲಿನ ಮೈ, ಮಸಿ ಹಿಡಿದ ಮಡಕೆಯ ತಲೆ, ಅದಕ್ಕೆ ಸುಣ್ಣದ ಬೊಟ್ಟು, ಯಾರೋ ಸತ್ತವರ ಅಂಗಿ. ನಿಯಮದ ಮಟ್ಟಿಗೆ ಎಬೆರಾನ್ ಎಂಬ ಆಟದ ಲೋಕದ ಬಗೆಗಿನ 2019ರ ಪುಸ್ತಕದಲ್ಲಿರುವ, ಯಾರೋ ಕಟ್ಟಿ ಜೀವ ಕೊಟ್ಟ ಯಂತ್ರಜೀವಿ ವಾರ್‌ಫೋರ್ಜ್ಡ್ ಅನ್ನು ತೆಗೆದುಕೊಂಡು ಮೇಲಿನ ವರ್ಣನೆಯನ್ನಷ್ಟೇ ಬದಲಿಸಿದರೆ ಸಾಕು. ಊಟ ಬೇಡ, ಉಸಿರು ಬೇಡ, ನಿದ್ದೆ ಬೇಡ. ದೀರ್ಘ ವಿಶ್ರಾಂತಿಗೆ ಆರು ಗಂಟೆ ಅಲುಗಾಡದೆ ನಿಲ್ಲಬೇಕು, ಆದರೆ ಕಣ್ಣು ಕಿವಿ ತೆರೆದೇ ಇರುತ್ತವೆ. ಬೆರ್ಚಪ್ಪನ ಕಸುಬೇ ಅದು. ನಿಯಮ ಬರೆದವರಿಗೆ ನಮ್ಮ ಹೊಲ ಗೊತ್ತಿರಲಿಕ್ಕಿಲ್ಲ, ಆದರೂ ಇಷ್ಟು ಹೊಂದುವ ಕೈಗವಸು ಬೇರೆಲ್ಲೂ ಸಿಗುವುದಿಲ್ಲ.

ತಂದೆತಾಯಿ ಕೋಷ್ಟಕದಲ್ಲಿ 01ರಿಂದ 95ರವರೆಗೆ 'ಹೆತ್ತವರು ಯಾರೆಂದು ಗೊತ್ತು', 96ರ ಮೇಲೆ 'ಗೊತ್ತಿಲ್ಲ'. ಹುಲ್ಲಿನ ಬೊಂಬೆಗೆ ಎಂಥ ಹೆತ್ತವರು ಎಂದು ಇದನ್ನು ದಾಟಿಸಿಬಿಡುವುದು ಮೊದಲ ತಪ್ಪು. ಪ್ರಶ್ನೆಯನ್ನು ತಿರುಗಿಸಿ ಕೇಳಿ: ಕಟ್ಟಿದವರು ಯಾರು, ಯಾವುದರಿಂದ, ಯಾವುದನ್ನು ಓಡಿಸಲು? ಮೂರನೆಯದಕ್ಕೆ 'ಹಕ್ಕಿ' ಎಂದು ಬರೆದರೆ ಪಾತ್ರ ಅಲ್ಲಿಗೇ ನಿಂತುಹೋಗುತ್ತದೆ. 'ಊರವರಿಗೆ ಹೇಳಿದ್ದು ಹಕ್ಕಿಗೆಂದು' ಅಂತ ಬರೆದರೆ ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಕಿವಿ ನೆಟ್ಟಗಾಗುತ್ತದೆ.

ಒಡಹುಟ್ಟಿದವರಿಗೆ ಡಿ10 (ಹತ್ತುಮುಖದ ದಾಳ; ಡಿ6 ಅಂದರೆ ಆರುಮುಖದ್ದು). 7 ಬಂತು ಅಂದುಕೊಳ್ಳಿ; ಆಗ ಡಿ6 ಹಾಕಿ ಎರಡು ಕೂಡಿಸಬೇಕು. 3 ಬಿದ್ದರೆ ಐದು ಜನ. ಅಂದರೆ ಅದೇ ಬಯಲಲ್ಲಿ ಇನ್ನೂ ಐದು ಬೆರ್ಚಪ್ಪಗಳು. ಅವುಗಳಿಗೂ ಜೀವ ಬಂತೆ? ಬಂದರೆ ಎಲ್ಲಿವೆ? ಒಂದೇ ಎಸೆತಕ್ಕೆ ಡಿಎಂ ಕೈಗೆ ಐದು ಕೊಂಡಿ. ನಿಮ್ಮ ಕೆಲಸ ಐದಕ್ಕೂ ಉತ್ತರ ಬರೆಯುವುದಲ್ಲ. ಒಂದಕ್ಕೆ ಬರೆಯಿರಿ, ನಾಲ್ಕನ್ನು ಖಾಲಿ ಬಿಡಿ.

ಸಾಕಿದವರ ಕೋಷ್ಟಕ ಸ್ವಲ್ಪ ನಿಂತು ನೋಡಬೇಕಾದ್ದು. ಅಪ್ಪ ಅಮ್ಮ ಇಬ್ಬರೂ ಜೊತೆಗಿರುವ ಫಲ 76ರಿಂದ 00, ಅಂದರೆ ನೂರಕ್ಕೆ ಇಪ್ಪತ್ತೈದು ಮಾತ್ರ. 36ರಿಂದ 55 ತಂದೆಯೊಬ್ಬನೇ, 56ರಿಂದ 75 ತಾಯಿಯೊಬ್ಬಳೇ. ಉಳಿದದ್ದು ಅಜ್ಜ ಅಜ್ಜಿ, ಸೋದರತ್ತೆ, ದತ್ತು, ಗುಡಿ, ಅನಾಥಾಲಯ ಹೀಗೆ. ಹೆತ್ತವರು ಯಾರೆಂದು 95 ಜನಕ್ಕೆ ಗೊತ್ತು, ಆದರೆ ಇಬ್ಬರ ಜೊತೆಗೂ ಬೆಳೆದವರು ಕಾಲುಭಾಗ. ಆಟಗಾರರು ಒಡಕು ಮನೆಯ ಕಥೆಯನ್ನೇ ಬರೆಯುತ್ತಾರೆ ಎಂದು ಗೊಣಗುವ ಡಿಎಂಗಳು ಈ ಪುಟ ನೋಡಲಿ, ಪುಸ್ತಕವೇ ಆ ಕಡೆ ವಾಲಿದೆ. ಹಾಗಾಗಿ ನಿಜಕ್ಕೂ ಅಪರೂಪದ ಪಾತ್ರ ಬೇಕೆಂದರೆ ಅಪ್ಪ ಅಮ್ಮ ಇಬ್ಬರೂ ಬದುಕಿದ್ದು, ಹಬ್ಬಕ್ಕೆ ಊರಿಗೆ ಬಾ ಎಂದು ಕಾಗದ ಹಾಕುವವನನ್ನು ಮಾಡಿ. ಈ ಮಾತು ತಮಾಷೆಗೆ ಹೇಳಿದ್ದಲ್ಲ.

ನಮ್ಮ ಬೆರ್ಚಪ್ಪನಿಗೆ 40 ಬಂತು ಅನ್ನಿ: ತಂದೆಯೊಬ್ಬನೇ. ಆಗ ಇಲ್ಲದ ತಾಯಿಗೆ ಡಿ4: ಸಾವು, ಸೆರೆ, ತೊರೆದು ಹೋದದ್ದು, ಕಾಣೆ. 4 ಬಿದ್ದರೆ ಕಾಣೆ. ಈಗ ಚಿತ್ರ ಮೂಡುತ್ತಿದೆ. ಹೊಲದ ಒಡೆಯ ತಂದೆಯ ಜಾಗದಲ್ಲಿ, ಮಡಕೆಗೆ ಸುಣ್ಣದ ಬೊಟ್ಟಿಟ್ಟ ಕೈ ಯಾರದೋ, ಆಕೆ ಒಂದು ಸುಗ್ಗಿಯಲ್ಲಿ ಹೋದವಳು ಬರಲೇ ಇಲ್ಲ. ಮನೆಯ ಸ್ಥಿತಿಗೆ ಮೂರು ಡಿ6. 8 ಬಂದರೆ ಬಡತನ, ಮುಂದಿನ ಎಸೆತದಿಂದ ಹತ್ತು ಕಳೆಯಬೇಕು. ಬಾಲ್ಯದ ಮನೆಗೆ ಡಿ100ರಲ್ಲಿ 38 ಬಿದ್ದರೆ ಹತ್ತು ಕಳೆದು 28. ಆ ಸಾಲು ಏನು ಹೇಳುತ್ತದೆ ಗೊತ್ತೆ? ನೆಲೆಯಾದ ಮನೆಯಿಲ್ಲ, ಊರೂರು ಅಲೆದಾಟ.

ಗೂಟಕ್ಕೆ ಕಟ್ಟಿದ ಬೊಂಬೆಗೆ ಅಲೆದಾಟ! ಇಲ್ಲಿ ಮತ್ತೆ ದಾಳ ಹಾಕಬೇಡಿ. ಎರಡು ನಿಮಿಷ ಕೂತು ಯೋಚಿಸಿದರೆ ಉತ್ತರ ಸಿಗುತ್ತದೆ: ಅದನ್ನು ಬಾಡಿಗೆಗೆ ಕೊಡುತ್ತಿದ್ದರು. ಈ ಹೊಲದ ಕೊಯ್ಲು ಮುಗಿದರೆ ಗಾಡಿಯಲ್ಲಿ ಹಾಕಿ ಮುಂದಿನ ಊರಿನ ಹೊಲಕ್ಕೆ. ಹಾಗಾಗಿ ಅದಕ್ಕೆ ಹತ್ತೂರಿನ ಬೇಲಿ ಗೊತ್ತು, ಹತ್ತೂರಿನ ಗಡಿ ಜಗಳ ಗೊತ್ತು. ಬೊಂಬೆಯ ಮುಂದೆ ಯಾರೂ ದನಿ ತಗ್ಗಿಸುವುದಿಲ್ಲವಾದ್ದರಿಂದ ಯಾರು ಯಾರ ಬದು ಒತ್ತಿದರು ಎಂಬುದೂ ಗೊತ್ತು. ಮೊದಲ ಲೆವೆಲ್‌ನ ಪಾತ್ರಕ್ಕೆ ಇದಕ್ಕಿಂತ ಒಳ್ಳೆಯ ಬಂಡವಾಳ ಇಲ್ಲ. ಸೈನ್ಯ ನಡೆಸಿದವನು, ಡ್ರ್ಯಾಗನ್ ಕೊಂದವನು ಎಂದೆಲ್ಲ ಬರೆದುಕೊಂಡು ಬಂದು ಮೊದಲ ಕಾದಾಟದಲ್ಲೇ ಇಲಿಯ ಕೈಲಿ ಬೀಳುವ ಮುಜುಗರವೂ ಇಲ್ಲ.

ಕೋಷ್ಟಕಕ್ಕೆ ಸೊಪ್ಪು ಹಾಕಬಾರದ ಜಾಗ ವಯಸ್ಸು. ಡಿ100ರಲ್ಲಿ 20ರ ಒಳಗೆ ಬಂದರೆ ಇಪ್ಪತ್ತು ವರ್ಷದೊಳಗಿನ ಪಾತ್ರ, ಘಟನೆ ಒಂದೇ. 21ರಿಂದ 59 ಬಂದರೆ ಇಪ್ಪತ್ತೊಂದರಿಂದ ಮೂವತ್ತು ವರ್ಷ, ಘಟನೆಗಳು ಡಿ4. ಹೀಗೇ ಏರುತ್ತಾ ಅರವತ್ತೊಂದು ದಾಟಿದವರಿಗೆ 00 ಒಂದೇ, ನೂರರಲ್ಲೊಂದು ಸಲ. ಅಜ್ಜಿ ಪಾತ್ರ ದಾಳದಿಂದ ಬರಲಿ ಎಂದು ಕಾದರೆ ನೀವೇ ಅಜ್ಜಿಯಾಗುತ್ತೀರಿ. ವಾರ್‌ಫೋರ್ಜ್ಡ್‌ಗೆ ತೊಂದರೆ ಉಲ್ಟಾ: ಎಬೆರಾನ್ ಪ್ರಕಾರ ಅವುಗಳ ವಯಸ್ಸು ಎರಡರಿಂದ ಮೂವತ್ತು ವರ್ಷದೊಳಗೆ. 65 ಬಿದ್ದು ಮೂವತ್ತೊಂದರ ಮೇಲೆ ಎಂದು ತೋರಿಸಿದರೆ ಪಾಲಿಸುವುದು ಹೇಗೆ? ವಯಸ್ಸು ನೀವೇ ಆರಿಸಿ. ಘಟನೆಗಳ ಸಂಖ್ಯೆಯನ್ನು ಎಂಥವರಿಗೂ ಎರಡು ಅಥವಾ ಮೂರಕ್ಕೆ ನಿಲ್ಲಿಸಿ. ಅರವತ್ತೊಂದು ದಾಟಿದವರಿಗೆ ಪುಸ್ತಕ ಡಿ12 ಹೇಳುತ್ತದೆ. ಸರಾಸರಿ ಆರೂವರೆ ಘಟನೆ, ಹೆಚ್ಚಿನವಕ್ಕೆ ಉಪಕೋಷ್ಟಕ, ಅದರೊಳಗೆ ಇನ್ನೊಂದು. ಮುಗಿಯುವಷ್ಟರಲ್ಲಿ ಮೆಗಾ ಧಾರಾವಾಹಿ.

ಘಟನೆಗಳಲ್ಲಿ 51ರಿಂದ 70ರವರೆಗಿನದು 'ನಿನ್ನ ಬ್ಯಾಕ್‌ಗ್ರೌಂಡಿಗೆ ಸಂಬಂಧಿಸಿದ ಕೆಲಸ ಮಾಡಿದೆ, ಎರಡು ಡಿ6 ಚಿನ್ನದ ನಾಣ್ಯ ಜಾಸ್ತಿ'. ಐದರಲ್ಲಿ ಒಂದು ಸಲ ಬರುವ ಸಪ್ಪೆ ಫಲ ಇದು ಎಂದು ಬೈಯುವವರಿದ್ದಾರೆ. ಮನುಷ್ಯ ಪಾತ್ರಕ್ಕೆ ಸಪ್ಪೆಯೇ. ಬೆರ್ಚಪ್ಪನಿಗೆ ಬಂದರೆ ನೋಡಿ: ಗೂಟದ ಬೊಂಬೆಗೆ ಸಂಬಳ ಕೊಟ್ಟವರು ಯಾರು? ಆ ಏಳೆಂಟು ನಾಣ್ಯ ಮಡಕೆಯೊಳಗೆ ಬಿದ್ದದ್ದು ಹೇಗೆ? ಕದ್ದ ದುಡ್ಡನ್ನು ಬಚ್ಚಿಡಲು ಬೆರ್ಚಪ್ಪನ ತಲೆಗಿಂತ ಒಳ್ಳೆಯ ಜಾಗ ಯಾವುದು? ಕದ್ದವನು ವಾಪಸ್ ಬರುತ್ತಾನೆ, ತಲೆ ಹುಡುಕಿಕೊಂಡು. 31ರಿಂದ 40 ಬಂದರೆ ಸಾಹಸಿಯೊಬ್ಬನ ದ್ವೇಷ. ಡಿ6ರಲ್ಲಿ ಬೆಸ ಬಂದರೆ ತಪ್ಪು ನಿಮ್ಮದು, ಸಮ ಬಂದರೆ ನಿಮ್ಮದಲ್ಲ. ಕಳ್ಳನನ್ನೂ ಈ ವೈರಿಯನ್ನೂ ಒಬ್ಬನನ್ನೇ ಮಾಡಿ. ಎರಡು ಫಲಗಳಿಗೆ ಎರಡು ವ್ಯಕ್ತಿಗಳನ್ನು ಹುಟ್ಟಿಸುತ್ತಾ ಹೋಗುವುದೇ ಈ ಕೋಷ್ಟಕ ಬಳಸುವವರ ದೊಡ್ಡ ದೌರ್ಬಲ್ಯ. ಕೊನೆಗೆ ಹದಿನಾರು ಹೆಸರು, ಡಿಎಂಗೆ ಒಂದೂ ನೆನಪಿರುವುದಿಲ್ಲ. ಕೋಷ್ಟಕಗಳಿಗೆ ಒಂದರ ಫಲ ಇನ್ನೊಂದಕ್ಕೆ ಗೊತ್ತಿಲ್ಲ, ಹೆಣೆಯುವ ಕೆಲಸ ನಿಮ್ಮದೇ. ಇದನ್ನು ಪುಸ್ತಕ ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು.

ಬ್ಯಾಕ್‌ಗ್ರೌಂಡ್ ಆರಿಸುವಾಗ ಇನ್ನೊಂದು ತೊಡಕು. 'ಯಾಕೆ ಈ ಬ್ಯಾಕ್‌ಗ್ರೌಂಡ್' ಎಂಬ ಡಿ6 ಕೋಷ್ಟಕಗಳು 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನ ಹದಿಮೂರು ಬ್ಯಾಕ್‌ಗ್ರೌಂಡುಗಳನ್ನು ನೋಡಿ ಬರೆದವು. 2024ರ ಸೆಪ್ಟೆಂಬರಿನಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಹದಿನಾರಿವೆ. ಫಾರ್ಮರ್, ಗಾರ್ಡ್, ಗೈಡ್ ಎಲ್ಲ ಹೊಸಬರು, ಅವರಿಗೆ ಇಲ್ಲಿ ಸಾಲಿಲ್ಲ. ಬೆರ್ಚಪ್ಪನಿಗೆ ಬೇಕಾದವು ಅವೇ. ಗಾರ್ಡ್ ತೆಗೆದುಕೊಂಡರೆ ಅಲರ್ಟ್ ಎಂಬ ಫೀಟ್ (ಪಾತ್ರದ ವಿಶೇಷ ಗುಣ) ಮತ್ತು ಪರ್ಸೆಪ್ಷನ್ (ಗಮನಿಸುವ ಕೌಶಲ) ಸಿಗುತ್ತದೆ, ಕಥೆಗೆ ಒಪ್ಪುತ್ತದೆ. ಆದರೆ ಗಾರ್ಡ್ ಏರಿಸುವ ಸಾಮರ್ಥ್ಯಗಳು ಸ್ಟ್ರೆಂತ್, ಇಂಟೆಲಿಜೆನ್ಸ್, ವಿಸ್ಡಮ್; ಕಾನ್‌ಸ್ಟಿಟ್ಯೂಷನ್ (ಮೈಯ ತಾಳಿಕೆ) ಅದರಲ್ಲಿಲ್ಲ. ಮುಂದೆ ನಿಂತು ಹೊಡೆಸಿಕೊಳ್ಳುವ ಫೈಟರ್ ಆದರೆ ಫಾರ್ಮರ್ ಮೇಲು: ಕಾನ್‌ಸ್ಟಿಟ್ಯೂಷನ್ ಇದೆ, ಟಫ್ ಫೀಟ್‌ನಿಂದ ಲೆವೆಲ್‌ಗೆ ಎರಡು ಹಿಟ್ ಪಾಯಿಂಟ್ (ಹೊಡೆತ ತಾಳುವ ಅಂಕ) ಜಾಸ್ತಿ, ಜೊತೆಗೆ ಬಡಗಿಯ ಸಲಕರಣೆ, ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ದೃಶ್ಯಕ್ಕೆ. ಇನ್ನು ಹಳೆಯ ವಾರ್‌ಫೋರ್ಜ್ಡ್‌ನಲ್ಲಿ ಬರೆದಿರುವ ಸಾಮರ್ಥ್ಯದ ಏರಿಕೆಯನ್ನೂ ಹೊಸ ಬ್ಯಾಕ್‌ಗ್ರೌಂಡಿನ ಏರಿಕೆಯನ್ನೂ ಕೂಡಿಸಬಾರದು. ಹೊಸ ನಿಯಮದಲ್ಲಿ ಬ್ಯಾಕ್‌ಗ್ರೌಂಡಿನದೇ ಲೆಕ್ಕ, ಹಳೆಯದನ್ನು ಬಿಟ್ಟುಬಿಡಬೇಕು.

ಹುಲ್ಲಿನ ಮೈ ಅಂದಮೇಲೆ ಬೆಂಕಿಗೆ ದುಪ್ಪಟ್ಟು ಹಾನಿ ಎಂದು ತಾವಾಗಿಯೇ ಬರೆದುಕೊಂಡು ಬರುವ ಉತ್ಸಾಹಿಗಳಿಗೆ ಒಂದು ಲೆಕ್ಕ. ಕಾನ್‌ಸ್ಟಿಟ್ಯೂಷನ್ ಪ್ಲಸ್ ಎರಡು ಇರುವ ಮೊದಲ ಲೆವೆಲ್ ಫೈಟರ್‌ಗೆ 12 ಹಿಟ್ ಪಾಯಿಂಟ್. ಬರ್ನಿಂಗ್ ಹ್ಯಾಂಡ್ಸ್ ಮಂತ್ರ ಮೂರು ಡಿ6, ಸರಾಸರಿ ಹತ್ತೂವರೆ. ದುಪ್ಪಟ್ಟಾದರೆ 21, ಬಿದ್ದಿರಿ. ದಾಳ ಎಲ್ಲ ಆರು ತೋರಿಸಿದರೆ 36. ಸೊನ್ನೆಗಿಳಿದ ಮೇಲೂ ಉಳಿದ ಹಾನಿ 24, ಅದು ನಿಮ್ಮ ಗರಿಷ್ಠಕ್ಕಿಂತ ಜಾಸ್ತಿ, ಹಾಗಾಗಿ ಸ್ಥಳದಲ್ಲೇ ಸಾವು. ಟಫ್ ಫೀಟ್‌ನ ಎರಡು ಸೇರಿಸಿ 14 ಮಾಡಿದರೂ ಉಳಿಯುವುದು 22, ಗತಿ ಅದೇ. ಬೆಂಕಿಯನ್ನು ಭಯವಾಗಿ ಇಡಿ, ಅಂಕಿಯಾಗಿ ಬೇಡ. ದೀಪ ಹಿಡಿದವನ ಎಡಗಡೆ ನಿಲ್ಲದ ಬೆರ್ಚಪ್ಪ ಸಾಕು.

ಅಜ್ಜಿಯ ವಿಷಯ ಚಿಕ್ಕದಾಗಿ. ಪೂರ್ವಕಥೆಯಲ್ಲಿ 'ಸುಟ್ಟ ಊರು' ಬರೆಯಲು ಕೈ ಹೋದಾಗಲೆಲ್ಲ ಬೆಂಗಳೂರಿನವರು ತಮ್ಮ ಕಾಲಡಿ ನೋಡಬಹುದು. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿ. ಊರು ಸುಡಲಿಲ್ಲ, ಕೆರೆ ಮುಚ್ಚಿ ಮೈದಾನವಾಯಿತು, ತೂಬು ತೆಗೆದು ಹೊಲಕ್ಕೆ ನೀರು ಬಿಡುತ್ತಿದ್ದ ನೀರುಗಂಟಿಗೆ ಕೆಲಸವಿಲ್ಲವಾಯಿತು. ಕೊಲ್ಲಲು ಖಳನಾಯಕನಿಲ್ಲದ ದುಃಖ ಇದು. ಸೇಡಿನ ಕಥೆಗಿಂತ ಮೇಜಿನ ಮೇಲೆ ಹೆಚ್ಚು ದಿನ ಬಾಳುತ್ತದೆ. ಐದನೆಯ ಆವೃತ್ತಿಯಲ್ಲಿ ಮುಪ್ಪಿಗೆ ಸಾಮರ್ಥ್ಯ ಕಡಿತ ಇಲ್ಲ, ಮೂರನೆಯದರಲ್ಲಿ ಇತ್ತು. ಹಾಗಾಗಿ ಸ್ಟ್ರೆಂತ್‌ಗೆ 8 ಇಟ್ಟರೆ ಮುಗಿಯಿತು. ಬ್ಯಾಕ್‌ಗ್ರೌಂಡಿಗೆ 2024ರ ಗೈಡ್: ಅದರ ಜೊತೆ ಡ್ರೂಯಿಡ್ (ಪ್ರಕೃತಿಯ ಮಂತ್ರಗಾರ) ಪಟ್ಟಿಯಿಂದ ಎರಡು ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಸಣ್ಣ ಮಂತ್ರ), ಮೊದಲ ಮಟ್ಟದ ಒಂದು ಮಂತ್ರ ಸಿಗುತ್ತದೆ. ಮಂತ್ರಕ್ಕೆ ಕ್ರಿಯೇಟ್ ಆರ್ ಡಿಸ್ಟ್ರಾಯ್ ವಾಟರ್ ಆರಿಸಿ. ಹತ್ತು ಗ್ಯಾಲನ್, ಅಂದರೆ ಸುಮಾರು 38 ಲೀಟರ್, ಎರಡೂವರೆ ಕೊಡ. ಇಡೀ ಬಯಲಿಗೆ ನೀರು ಬಿಟ್ಟವಳ ಕೈಯಲ್ಲಿ ಈಗ ದಿನಕ್ಕೆ ಎರಡೂವರೆ ಕೊಡ. ಇಷ್ಟು ಹೊಂದಿದ ಮೇಲೆ ಎರಡು ಪುಟ ಬರೆಯುವ ಅಗತ್ಯವೇ ಬರುವುದಿಲ್ಲ. ಡಿಎಂ ಕೇಳಬಹುದಾದ ಒಂದೇ ಪ್ರಶ್ನೆಗೆ ಉತ್ತರ ಸಿದ್ಧವಿರಲಿ: ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಹೊರಟಳು?

ಹೆಸರುಗಳ ಅನುಬಂಧ ದೊಡ್ಡದು, ಆದರೆ ನಮಗೆ ಅಷ್ಟಕ್ಕಷ್ಟೆ. ನಾರ್ಸ್, ಗ್ರೀಕ್, ಜಪಾನಿ ಹೀಗೆ ಸಾಗುವ ಪಟ್ಟಿಯಲ್ಲಿ ಭಾರತಕ್ಕೆ ಇರುವುದು ಒಂದೇ ತಲೆಬರಹ, ಇಡೀ ದೇಶ ಅದರಡಿ. ಕೆಂಚ, ಬೋರ, ಮಾರ, ಸಿದ್ದಿ, ಇವಕ್ಕೆ ಅಪ್ಪ, ಅಮ್ಮ, ಅಯ್ಯ ಹಚ್ಚಿದರೆ ಡಿ100 ಇಲ್ಲದೆಯೂ ಒಂದು ಊರಿಗಾಗುವಷ್ಟು ಹೆಸರು.

ಇಷ್ಟೆಲ್ಲ ಆದಮೇಲೆ ಡಿಎಂಗೆ ಕೊಡಬೇಕಾದ್ದು ಮೂರಿಂಚು ಐದಿಂಚಿನ ಒಂದು ಇಂಡೆಕ್ಸ್ ಕಾರ್ಡ್, ಒಂದೇ ಬದಿ. ಬೆರ್ಚಪ್ಪನದು ಹೀಗಿರುತ್ತದೆ:

ಬೇಕಾದ್ದು: ಸುಣ್ಣದ ಬೊಟ್ಟಿಟ್ಟ ಕೈ ಯಾರದೆಂದು ತಿಳಿಯಬೇಕು.
ಋಣ: ಗೂಟದಿಂದ ಬಿಚ್ಚಿದ ಗಾಡಿಯವನಿಗೆ. ಬದುಕಿದ್ದಾನೆ.
ಭಯ: ಬೆಂಕಿ. ಅದಕ್ಕಿಂತ, ಮತ್ತೆ ಕಟ್ಟಿಹಾಕಿಸಿಕೊಳ್ಳುವುದು.
ಗೊತ್ತಿರುವುದು: ಹತ್ತೂರಿನ ಗಡಿ ಗುಟ್ಟು, ಮಡಕೆಯೊಳಗಿನ ದುಡ್ಡಿನ ಕಳ್ಳ.
ಡಿಎಂಗೆ ಬಿಟ್ಟದ್ದು: ಉಳಿದ ಐದು ಬೊಂಬೆಗಳಲ್ಲಿ ನಾಲ್ಕು ಎಲ್ಲಿ?

'ಬದುಕಿದ್ದಾನೆ' ಎಂಬ ಆ ಒಂದು ಪದ ಮರೆಯಬೇಡಿ. ಸತ್ತವರನ್ನೇ ತುಂಬಿದ ಪೂರ್ವಕಥೆಯಿಂದ ಡಿಎಂ ಆಟಕ್ಕೆ ಎಳೆತರಬಹುದಾದ ಮನುಷ್ಯ ಒಬ್ಬನೂ ಸಿಗುವುದಿಲ್ಲ. ಡಿಎಂಗೂ ಹೇಳದ ಗುಟ್ಟು ಇಟ್ಟುಕೊಳ್ಳುವುದು, ನೆನಪು ಹೋಗಿದೆ ಎಂದು ಎಲ್ಲವನ್ನೂ ಖಾಲಿ ಬಿಡುವುದು, ಇವೂ ಅದೇ ಗುಂಡಿಗೆ ಬೀಳುವ ದಾರಿಗಳು. ಸೆಷನ್ ಜೀರೋದಲ್ಲಿ (ಆಟ ಶುರುವಾಗುವ ಮುಂಚಿನ ತಯಾರಿ ಕೂಟ) ಕಾರ್ಡು ಓದಬೇಡಿ, ಕನ್ನಡದಲ್ಲಿ ಬಾಯಿ ತುಂಬ ಹೇಳಿ, ಎರಡು ನಿಮಿಷದಲ್ಲಿ ಮುಗಿಸಿ. ಇಂಗ್ಲಿಷಿನಲ್ಲಿ ಬರೆದುಕೊಂಡ ನಾಲ್ಕು ಪುಟವನ್ನು ಮೇಜಿನವರು ಕೇಳಿಸಿಕೊಂಡಂತೆ ನಟಿಸುತ್ತಾರೆ. 'ನನ್ನ ತಲೇಲಿ ಯಾರದೋ ದುಡ್ಡಿದೆ' ಅಂದರೆ ಎಲ್ಲರೂ ತಿರುಗಿ ನೋಡುತ್ತಾರೆ.

ಕೊಳ್ಳಬೇಕೆ? ಅಮೆರಿಕದ ಮುಖಬೆಲೆ 49.95 ಡಾಲರ್, ಇಲ್ಲಿಗೆ ಬರುವುದು ಆಮದಾಗಿ. ಈ ಹನ್ನೆರಡು ಪುಟಕ್ಕಾಗಿಯೇ ಒಬ್ಬ ಆಟಗಾರ ಅಷ್ಟು ದುಡ್ಡು ಸುರಿಯುವುದು ಬೇಡ. ಐದು ಜನರ ಗುಂಪಿಗೆ ಒಂದು ಪ್ರತಿ, ಡಿಎಂ ಮನೆಯಲ್ಲಿರಲಿ. ಸೆಷನ್ ಜೀರೋ ದಿನ ಎಲ್ಲರೂ ಒಂದೇ ಮೇಜಿನಲ್ಲಿ ದಾಳ ಹಾಕಲಿ. ಒಬ್ಬನ ಫಲಕ್ಕೆ ಇನ್ನೊಬ್ಬ ವಿವರಣೆ ಕೊಡುವಾಗ ಬರುವಂಥವು ಒಂಟಿಯಾಗಿ ಕೂತರೆ ಬರುವುದಿಲ್ಲ. 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟ ಉಚಿತ ನಿಯಮಾವಳಿಯಲ್ಲಿ ಈ ಕೋಷ್ಟಕಗಳಿಲ್ಲ, ಅಲ್ಲಿ ಹುಡುಕಿ ಸಮಯ ಹಾಳು ಮಾಡಬೇಡಿ. ಡಿಜಿಟಲ್ ಪ್ರತಿ ಹುಡುಕಾಟಕ್ಕೆ ಸಲೀಸು. ಆದರೆ ಕೋಷ್ಟಕದಿಂದ ಕೋಷ್ಟಕಕ್ಕೆ ಹಾರುವಾಗ ಬೆರಳು ಸಿಕ್ಕಿಸಿಕೊಳ್ಳಲು ಕಾಗದವೇ ವಾಸಿ.

ಬೆರ್ಚಪ್ಪನಿಗೆ ಹೆಸರು? ಕಾರ್ಡಿನ ಮೇಲಿನ ಸಾಲು ಖಾಲಿ ಬಿಡಿ. ವಾರ್‌ಫೋರ್ಜ್ಡ್‌ಗಳಿಗೆ ಬಹುಪಾಲು ಹೆಸರು ಬರುವುದು ಬೇರೆಯವರ ಬಾಯಿಂದ. ಮೊದಲ ದಿನದ ಆಟ ಮುಗಿಯುವುದರೊಳಗೆ ಗುಂಪಿನಲ್ಲಿ ಯಾರಾದರೂ ಏನಾದರೂ ಕರೆದಿರುತ್ತಾರೆ, ಅದನ್ನೇ ಬರೆದುಕೊಳ್ಳಿ.